ಗುಡಾಣದ ಬಾಯಿ

ಕುತಾಯಿಸಿಯ ಬಿಳಿ ಸೇತುವೆಯಿಂದ ಎರಡು ತಿರುವು ಆಚೆ
ನನ್ನ ಅಂಗಡಿ. ಬಾಗಿಲಿಗಿಂತ ಮೇಜೇ ಅಗಲ.
ತ್ಸಿಯಾಲಾ ಬಂದಳು, ಚೀಲದಿಂದ ತೆಗೆದಿಟ್ಟಳು
ಅಂಗೈಯಗಲದ ಕಂಪ್ಯೂಟರು,
ಬೂದು ಬಣ್ಣ, ಮೂಲೆಗಳೆಲ್ಲ ಸವೆದ ಸೋಪಿನ ಹಾಗೆ.
"ಕೆಟ್ಟಿಲ್ಲ ಮಾಲ್ಖಾಜ್, ಚಿಕ್ಕದಾಗಿದೆ" ಅಂದಳು,
ಮಗುವಿನ ಅಂಗಿಯ ಬಗ್ಗೆ ಅನ್ನುವ ಹಾಗೆ.

ಅವಳ ಕೆಲಸ ಗೊತ್ತು ನನಗೆ. ಬೆಟ್ಟದ ಹಳ್ಳಿ ಹತ್ತಿ
ಮೂರು ದನಿಯ ಹಾಡು ಹಿಡಿದು ತರುತ್ತಾಳೆ,
ಒಬ್ಬೊಬ್ಬರ ಬಾಯಿಗೆ ಒಂದೊಂದು ಮೈಕು.
ಮೊದಲು ಮೂರೇ ಮಂದಿ. ಈಗ ಹನ್ನೊಂದು.
ಹನ್ನೊಂದನೆಯವ ಬಾಯಿ ತೆರೆದೊಡನೆ
ಪೆಟ್ಟಿಗೆ ಉಸಿರುಗಟ್ಟಿ ನಿಂತುಬಿಡುತ್ತದೆ.
ಇರುವ ಮೆಮೊರಿ ಎಂಟು. ಹದಿನಾರು ಬೇಕು.
ಅಷ್ಟೇ ಕತೆ.

ಅಷ್ಟೇ ಆಗಿದ್ದರೆ ಕಾಫಿ ಆರುವ ಮೊದಲು ಮುಗಿಯುತ್ತಿತ್ತು.
ಅಡಿಯ ರಬ್ಬರಿಗೆ ಬಿಸಿಗಾಳಿ ಹಿಡಿದೆ, ಅಂಟು ಬಿಟ್ಟಿತು.
ಕೆಳಗೆ ಐದು ಸ್ಕ್ರೂ, ಯಾವ ತಿರುಪುಳಿಗೂ ಬಗ್ಗದ ತಲೆಯವು;
ಹಲ್ಲಿನ ಡಾಕ್ಟರು ನೋದರ್ ಕೊಟ್ಟ ಕಡ್ಡಿಯೊಂದನ್ನು
ಅರಕ್ಕೆ ಉಜ್ಜಿ ಉಜ್ಜಿ ಹೊಂದಿಸಿದೆ.
ಒಳಗೆ ಹಸಿರು ಹಲಗೆ, ತಾಮ್ರದ ಕಾಲುದಾರಿಗಳು.
ಮೆಮೊರಿ ಇತ್ತು, ಬೆಸುಗೆಯಲ್ಲಿ ಮುಳುಗಿ,
ಕಲ್ಲಲ್ಲಿ ಕಲ್ಲಾಗಿ.

ನ್ಯಾಯ ನ್ಯಾಯವೇ: ಮಾಡಿದವರು ಮೂಢರಲ್ಲ.
ದಾರಿ ಗಿಡ್ಡವಾದರೆ ಮಾತು ಬೇಗ ಮುಟ್ಟುತ್ತದೆ,
ಕಾವು ಕಡಿಮೆ, ಫ್ಯಾನಿನ ಗೊರಕೆಯಿಲ್ಲ.
ಅವಳು ಕೊಂಡದ್ದೂ ಅದಕ್ಕೇ,
ಹಾಡಿನ ನಡುವಿನ ಮೌನ ಕೇಳಬೇಕೆಂದು.
ಮುಚ್ಚಳ ಬಿಚ್ಚುವವರು ನೂರಕ್ಕೆ ಇಬ್ಬರೂ ಇಲ್ಲ ಅನ್ನುತ್ತಾರೆ.
ಇರಬಹುದು. ಆ ಇಬ್ಬರೇ ನನಗೆ ದಿನವೂ ಕಾಣುವವರು.

ತ್ಸಿಯಾಲಾ ಬಗ್ಗಿ ಕಿರುಬೆರಳು ಇಟ್ಟಳು. ಹಿಡಿಯಿತು.
"ಈ ಜಾಗದಲ್ಲಿ ಏನಿದೆ?"
"ಗಾಳಿ."
"ಗಾಳಿಗೆ ಎಷ್ಟು ಕೊಟ್ಟೆ ನಾನು?"
ಹದಿನಾರಿನದೂ ಇತ್ತಂತೆ ಅಂಗಡಿಯಲ್ಲಿ, ಒಂದು ತಿಂಗಳ ಸಂಬಳ ಹೆಚ್ಚಿಗೆ.
ಕೊಳ್ಳುವ ದಿನವೇ ಹೇಳಬೇಕಿತ್ತಂತೆ ಅವಳು,
ನಾಲ್ಕು ವರ್ಷ ಕಳೆದು ಎಷ್ಟು ಜನ ಹಾಡುತ್ತಾರೆಂದು.

ಅಕ್ಟೋಬರಿನಲ್ಲಿ ದ್ರಾಕ್ಷಿ ಕೊಯ್ಲಿಗೆ ಕರೆದಳು
ಸೋದರಮಾವ ಅಂಬ್ರೋಸಿಯ ಮನೆಗೆ.
ಅಂಗಳದಲ್ಲಿ ಕತ್ತಿನವರೆಗೆ ಹೂತ ಗುಡಾಣಗಳು.
ಒಂದರೊಳಗೆ ಏಣಿ ಇಳಿಸಿ ಅವನೇ ಇಳಿದಿದ್ದ,
ಚೆರ್ರಿ ತೊಗಟೆಯ ಕುಂಚದಿಂದ ತಿಕ್ಕುತ್ತಾ, ಹಾಡುತ್ತಾ.
ಹಾಡು ನಿಂತರೆ ಉಸಿರು ನಿಂತಿತೆಂದು ಮೇಲಿನವರಿಗೆ ಗೊತ್ತಾಗಬೇಕಲ್ಲ.
ನನಗೆ ಉಮೇದು ಬಂತು: "ನೋಡು ತ್ಸಿಯಾಲಾ, ಇದು ವಸ್ತು!
ಒಡೆಯ ಒಳಗಿಳಿಯಬಹುದು."
ಗುಡಾಣವೇ ಉತ್ತರ ಕೊಟ್ಟಿತು, ಗುಂಯ್‌ಗುಟ್ಟುತ್ತಾ:
"ಇಳಿಯಬಹುದಪ್ಪಾ, ಹಿಗ್ಗಿಸಲಾಗದು. ಸುಟ್ಟ ಮಣ್ಣು ಬೆಳೆದೀತೆ?
ಫಸಲು ಹೆಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹೂಳುತ್ತೇನೆ."

ನನ್ನ ವಾದ ಅಲ್ಲೇ ಮಕಾಡೆ ಮಲಗಿತು.
ಸುಮ್ಮನೆ ಕುಡಿದೆ.
ಎರಡನೆಯ ಲೋಟಕ್ಕೆ ಹೊಳೆಯಿತು ಒಂದು:
ಬಿರುಕಿಗೆ ಸುಣ್ಣ ಮೆತ್ತುವವ ಅವನೇ,
ಮುಚ್ಚಳದ ಮಣ್ಣು ಕಲಸುವವ, ಒಡೆಯುವವ ಅವನೇ.
ಒಡೆಯಬಾರದ್ದಕ್ಕೆ ಒಡೆಯನಾಗುವುದು ಹೇಗೆ?
ಹೇಳೋಣವೆಂದರೆ ಎಲ್ಲರೂ ಹಾಡಲು ಶುರುಮಾಡಿದ್ದರು.

ಬ್ಯಾಂಕಿನ ಹರಾಜಿನಲ್ಲಿ ಒಂದು ಕರಿಯ ಡಬ್ಬ ಸಿಕ್ಕಿತು ಅವಳಿಗೆ,
ಹಂದಿಮರಿಯಷ್ಟು ದಪ್ಪ, ಒಳಗೆ ನಾಲ್ಕು ಗೂಡು.
ನಾಲ್ಕನ್ನೂ ತುಂಬಿಸಿಕೊಟ್ಟೆ. ಗಲಾಟೆ ಜಾಸ್ತಿ.
ಪಕ್ಕದ ಕೋಣೆಯಲ್ಲಿಟ್ಟು
ಗೋಡೆ ಕೊರೆದು ತಂತಿ ಎಳೆದಿದ್ದಾಳೆ, ಮೌನಕ್ಕೋಸ್ಕರ.

ಬೂದು ಪೆಟ್ಟಿಗೆ ನನ್ನ ಕಪಾಟಿನ ಮೇಲೆ ಉಳಿಯಿತು.
ಹಗಲೆಲ್ಲ ಅವಳ ಹಾಡು ಹಾಕುತ್ತೇನೆ, ಹನ್ನೊಂದೂ ದನಿ;
ಕೇಳುವುದಕ್ಕಾದರೆ ಎಂಟು ಧಾರಾಳ.
ನಾಲ್ಕು ಸ್ಕ್ರೂ ಬಿಗಿದಿದ್ದೇನೆ. ಐದನೆಯದು ಎಲ್ಲಿ ಉರುಳಿತೋ.
ಧೂಳು ಒರೆಸಲು ಎತ್ತಿದಾಗ
ಆ ಖಾಲಿ ಜಾಗದಲ್ಲಿ ಏನೋ ಸಣ್ಣಗೆ ಸದ್ದು.
ಬಿಚ್ಚಿ ನೋಡಬೇಕು ಒಂದು ದಿನ.